ಠಣ್ಣಪ್ಪನ ಕಿವಿ, ಕರ್ನಲ್ಲನ ಜೀಪು

ಹಳೇ ಗಾಡಿ ಕೊಳ್ಳಲು ಹೊರಟವರು ದೇವರನ್ನು ನೆನೆಯುತ್ತಿದ್ದರೋ ಇಲ್ಲವೋ, ಠಣ್ಣಪ್ಪನನ್ನಂತೂ ತಪ್ಪದೆ ನೆನೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಸಹಿ ಹಾಕುವಾಗಷ್ಟೇ ಅವನಿಗೂ ನೆನಪಾಗುತ್ತಿತ್ತು. ಮೂವತ್ತೆಂಟು ವರ್ಷ ಸುತ್ತಿಗೆ ಹಿಡಿದು ತಗಡು ಬಡಿದವನು, ಗುದ್ದಿಸಿಕೊಂಡು ಬಂದ ಕಾರು ಲಾರಿಗಳ ಮೂತಿ ನೆಟ್ಟಗೆ ಮಾಡಿದವನು. ತುಕ್ಕು ತಿಂದು ತೂತಾದ ಕಡೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹೊಡೆದು, 'ಡಾಕ್ಟರೊಬ್ಬರು ಭಾನುವಾರ ಮಾತ್ರ ಓಡಿಸ್ತಿದ್ದ ಗಾಡಿ' ಎಂದು ಮಾರುವ ದಲ್ಲಾಳಿಗಳ ವಿದ್ಯೆಯೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿರದೆ ಏನು, ಅರ್ಧ ವಿದ್ಯೆ ಅವನೇ ಕಲಿಸಿದ್ದು.

ಅವನ ಪರೀಕ್ಷೆ ಬಲು ಸರಳ. ಗಾಡಿಯ ಸುತ್ತ ಒಂದು ಸುತ್ತು ಬರುತ್ತ ಬೆರಳ ಗೆಣ್ಣಿನಿಂದ ತಗಡನ್ನು ಬಡಿಯುತ್ತಿದ್ದ. ಗಟ್ಟಿ ತಗಡಾದರೆ ಠಣ್ ಎನ್ನುತ್ತದೆ, ಪುಟ್ಟಿ ಮೆತ್ತಿದ್ದರೆ ದಬ್ ಎನ್ನುತ್ತದೆ. "ಇಲ್ಲಿ ಠಣ್, ಇಲ್ಲಿ ಠಣ್, ಇಲ್ಲಿ ದಬ್. ಈ ಬಾಗಿಲು ಸತ್ತು ಎರಡು ವರ್ಷ ಆಯ್ತು" ಎಂದು ತೀರ್ಪು ಕೊಟ್ಟು, ಕೊಟ್ಟ ಚಹಾ ಕುಡಿದು ಹೊರಡುತ್ತಿದ್ದ. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಹಳೇ ತಗಡು, ಹೊಸ ತಗಡು, ಕಾರ್ಖಾನೆಯಲ್ಲೇ ಒತ್ತಿದ್ದು, ಆಮೇಲೆ ಬೆಸೆದದ್ದು, ಎಲ್ಲವನ್ನೂ ಸದ್ದಿನಲ್ಲೇ ಹೇಳಬಲ್ಲ ಅಂತ ಊರೆಲ್ಲ ಕೊಂಡಾಡುತ್ತಿತ್ತು. ಒಂದು ಸಲವೂ ಅವನ ಮಾತು ಸುಳ್ಳಾಗಿರಲಿಲ್ಲ. ಅದೊಂದೇ ಆ ಮನುಷ್ಯನ ಆಸ್ತಿ, ಅದೊಂದೇ ಸೊಕ್ಕು.

ಇಷ್ಟೆಲ್ಲ ಹೊಗಳಿ ಆಯಿತಲ್ಲ, ಈಗ ಗುಟ್ಟನ್ನೂ ಹೇಳಿಬಿಡೋಣ. ಠಣ್ಣಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಮೂವತ್ತೆಂಟು ವರ್ಷ ತಗಡಿನ ಡಬ್ಬದೊಳಗೆ ತಲೆ ತೂರಿಸಿ ಸುತ್ತಿಗೆ ಬಡಿದರೆ ಕಿವಿ ತಾನೇ ಏನು ಮಾಡೀತು. ಹತ್ತಿ ಇಟ್ಟುಕೋ ಎಂದು ಹೇಳಿದವರನ್ನು ಅವನು ನಾಜೂಕಯ್ಯ ಎಂದು ಗೇಲಿ ಮಾಡಿದ್ದ. ಮೊದಮೊದಲು ಗಾಡಿಗಳೆಲ್ಲ ಸದ್ದು ಕಡಿಮೆ ಮಾಡಿಕೊಂಡಿವೆ, ಎಂಜಿನ್ನು ಸುಧಾರಿಸಿದೆ ಎಂದುಕೊಂಡ. ಆಮೇಲೆ ಜನ ಮೆಲ್ಲಗೆ ಮಾತಾಡಲು ಕಲಿತರು, ಕಾಲ ಒಳ್ಳೆಯದಾಯಿತು ಎಂದುಕೊಂಡ. ಒಂದು ದಿನ ಹಿಂದಿನಿಂದ ಬಂದ ಲಾರಿ ಹಾರನ್ನು ಹೊಡೆದೂ ಹೊಡೆದೂ ಸಾಕಾಗಿ ಅವನ ಅಂಗಿಯ ತೋಳು ಸವರಿಕೊಂಡು ಹೋಯಿತು. ಅವತ್ತು ಅವನಿಗೆ ಅರ್ಥವಾಯಿತು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅಲ್ಲಿನ ಕಾಂಪೌಂಡರಿಗೆ ಗೊತ್ತಾಗುತ್ತದೆ, ಕಾಂಪೌಂಡರಿಗೆ ಗೊತ್ತಾದರೆ ಪೇಪರಿನಲ್ಲಿ ಹಾಕಿಸಿದ ಹಾಗೇ ಲೆಕ್ಕ. ನಾಲಿಗೆ ಸತ್ತ ಅಡುಗೆಯವನನ್ನು ಯಾರಾದರೂ ಕೆಲಸಕ್ಕೆ ಕರೆಯುತ್ತಾರೆಯೇ?

ಹಾಗಾದರೆ ನಾಲ್ಕು ವರ್ಷದಿಂದ ಅವನು ತೀರ್ಪು ಕೊಡುತ್ತಿದ್ದುದು ಹೇಗೆ? ಎಡಗೈಯಿಂದ. ಬಲಗೈ ಬಡಿಯುವಾಗ ಎಡ ಅಂಗೈಯನ್ನು ಸುಮ್ಮನೆ ಆಸರೆಗೆ ಎಂಬಂತೆ ತಗಡಿನ ಮೇಲೆ ಇಡುತ್ತಿದ್ದ. ಗಟ್ಟಿ ತಗಡು ಬಡಿದ ಮೇಲೂ ಕ್ಷಣಹೊತ್ತು ಅಂಗೈಯೊಳಗೆ ನಡುಗುತ್ತದೆ. ಪುಟ್ಟಿ ಮೆತ್ತಿದ ತಗಡು ನಡುಗದೆ ಅಲ್ಲೇ ಸುಮ್ಮನಾಗುತ್ತದೆ. ಕಿವಿಗಿಂತ ಅಂಗೈಯೇ ವಾಸಿ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಹೆಸರು ಬಂದದ್ದು ಕಿವಿಗೆ. ಹೆಸರು ತಂದುಕೊಟ್ಟ ಅಂಗ ಸತ್ತಿದೆ ಎಂದು ಯಾರಾದರೂ ಡಂಗುರ ಸಾರುತ್ತಾರೆಯೇ? ಹಾಗಾಗಿ ಕಣ್ಣು ಮುಚ್ಚಿ, ತಲೆ ವಾಲಿಸಿ, ಏನೋ ಕೇಳಿಸಿಕೊಂಡವನಂತೆ ನಾಟಕ ಆಡುತ್ತಿದ್ದ. ಮಾತಿನಲ್ಲಿ ಸಿಕ್ಕಿಬೀಳದಿರಲು ಬೇರೆಯವರು ಬಾಯಿ ತೆರೆಯುವ ಮುಂಚೆ ತಾನೇ ಮಾತಾಡುತ್ತಿದ್ದ. ಜನ ಅವನನ್ನು ಬಾಯಿಬಡುಕ ಎಂದರು. ಅವನಿಗೆ ಅದು ಸಂತೋಷವೇ.

ಹೊರಗೆ ಬಾಯಿಬಡುಕ, ಮನೆಯಲ್ಲಿ ಮೂಗ. ಮನೆಯಲ್ಲಿ ಇದ್ದದ್ದು ಗಂಡ ಹೆಂಡಿರು ಇಬ್ಬರೇ, ಮಕ್ಕಳಿರಲಿಲ್ಲ. ಹೆಂಡತಿ ಮಾತು ಶುರು ಮಾಡಿದರೆ ಅವನು ಪೇಪರನ್ನು ಅಗಲಿಸಿ ಹಿಡಿಯುತ್ತಿದ್ದ. ಸಂದಿನಿಂದ ಅವಳ ಮುಖ ನೋಡಿ, ಹುಬ್ಬು ಮೇಲಿದ್ದರೆ ಒಂದು ಉತ್ತರ, ಕೆಳಗಿದ್ದರೆ ಇನ್ನೊಂದು ಉತ್ತರ ಎಸೆಯುತ್ತಿದ್ದ. ಹೆಂಡತಿಗೆ ಹೇಳಬಹುದಿತ್ತಲ್ಲ ಎಂದರೆ, ಹೇಳಬಹುದಿತ್ತು. ಆದರೆ ಅವಳ ತಮ್ಮನ ಕಿವಿಗೆ ಬಿದ್ದರೆ ಮುಗಿಯಿತು. ಆ ತಮ್ಮನ ಹೊಟ್ಟೆಯಲ್ಲಿ ಗುಟ್ಟು ಒಂದು ಹೊತ್ತೂ ನಿಲ್ಲುವುದಿಲ್ಲ. ಗಂಡ ಸೊಕ್ಕಿನವನು ಎಂದು ಅವಳು ತಿಳಿದುಕೊಂಡರೆ ತಿಳಿದುಕೊಳ್ಳಲಿ, ಕಿವುಡ ಎಂಬ ಹೆಸರು ಮಾತ್ರ ಬೇಡ ಅಂತ ಅವನು ತೀರ್ಮಾನಿಸಿದ್ದ. ಬರಬರುತ್ತ ಅವಳ ಮಾತು ಕಮ್ಮಿಯಾಯಿತು. ಕೊನೆಗೆ ನಿಂತೇಹೋಯಿತು. ವಯಸ್ಸಾದಂತೆ ಇವಳಿಗೂ ಬುದ್ಧಿ ಬಂತು ಎಂದು ಠಣ್ಣಪ್ಪ ನೆಮ್ಮದಿಯ ಉಸಿರು ಬಿಟ್ಟ. ಗಂಡಸರ ತಲೆಗೆ ಇಂಥ ವಿಚಾರಗಳು ಎಲ್ಲಿಂದ ಬರುತ್ತವೋ ಕಾಣೆ.

ಅವಳು ಮಾತು ನಿಲ್ಲಿಸಿದ್ದಷ್ಟೇ ಅಲ್ಲ, ಹಗಲು ಹೊತ್ತು ಮನೆಯಲ್ಲಿ ಇರುವುದನ್ನೂ ನಿಲ್ಲಿಸಿದಳು. ತಮ್ಮನ ಹಾಸಿಗೆ ಅಂಗಡಿಯ ಹಿಂದುಗಡೆ ಹೊಲಿಗೆ ಮೆಷಿನ್ನು ಹಾಕಿಕೊಂಡು ದಿಂಬಿನ ಚೀಲ ಹೊಲಿಯಲು ಕೂತಳು.

ಆ ತಮ್ಮನನ್ನು ಎಲ್ಲರೂ ಕರ್ನಲ್ಲು ಎನ್ನುತ್ತಿದ್ದರು. ಮಾರುವುದು ಹಾಸಿಗೆ, ಕನಸೆಲ್ಲ ರಣರಂಗದ್ದು. ಇಪ್ಪತ್ತನೇ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಲು ಹೋಗಿ, ಪಾದ ಚಪ್ಪಟೆ ಎಂದು ವಾಪಸ್ಸು ಕಳಿಸಿದ್ದರು. ಪಾದ ಚಪ್ಪಟೆಯಾದರೆ ಗುರಿ ತಪ್ಪುತ್ತದೆಯೇ ಎಂದು ಅವನು ಇವತ್ತಿಗೂ ಗಿರಾಕಿಗಳನ್ನು ಕೇಳುತ್ತಾನೆ. ಹಾಸಿಗೆ ಕೊಳ್ಳಲು ಬಂದವರು ಪಾಪ ಏನು ಹೇಳಿಯಾರು. ಹಸಿರು ಮಚ್ಚೆಯ ಪ್ಯಾಂಟು, ದಪ್ಪ ಬೂಟು, ತುದಿ ತಿರುವಿದ ಮೀಸೆ. ಕೆಲಸದವರು ಬೆಳಿಗ್ಗೆ ಸಾಲಾಗಿ ನಿಂತು ಹಾಜರಿ ಹೇಳಬೇಕು. ಲಾರಿಗೆ ಹಾಸಿಗೆ ತುಂಬಿಸುವುದನ್ನು ಅವನು 'ಆಪರೇಷನ್' ಎನ್ನುತ್ತಿದ್ದ. ಇಂಥವನಿಗೆ ಒಂದು ದಿನ ಮೊಬೈಲಿನಲ್ಲಿ ಯಾವುದೋ ಹೊರದೇಶದಲ್ಲಿ ಮಾರಾಟಕ್ಕಿದ್ದ ಯುದ್ಧಕಾಲದ ಜೀಪೊಂದು ಕಣ್ಣಿಗೆ ಬಿತ್ತು. ಎಂಬತ್ತು ವರ್ಷದ ಗಾಡಿ, ಮೊಳೆ ಮೊಳೆ ಬಿಚ್ಚಿ ಮತ್ತೆ ಜೋಡಿಸಿ ಹೊಸದರಂತೆ ಮಾಡಿದ್ದರು. ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ. ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಮೇಲೆ ನಿಂತು, ಹಾಸಿಗೆಗೆ ರಿಯಾಯಿತಿ ಘೋಷಿಸಬೇಕೆಂಬುದು ಅವನ ಹಂಬಲ.

ಮಾರುವವಳು ಒಬ್ಬ ಮುದುಕಿ. ಬೆಳ್ಳಗಿನ ಕೂದಲು, ಎಣ್ಣೆ ಹತ್ತಿದ ಮೇಲುಡುಪು, ಕೈಯಲ್ಲಿ ಯಾವಾಗಲೂ ಒಂದು ಸ್ಪ್ಯಾನರ್. ಗಂಡ ಸತ್ತ ಮೇಲೆ ಹೊತ್ತು ಹೋಗದೆ ಗಾಡಿ ರಿಪೇರಿ ಕಲಿತೆ ಎಂದು ಬರೆದಿದ್ದಳು. ಅವಳ ಭಾಷೆ ಕರ್ನಲ್ಲನಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಅವನ ಮಗಳಿಗೆ. ಈ ಮಗಳು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ಟೀಚರು. ಅಪ್ಪನ ಯುದ್ಧದ ಹುಚ್ಚನ್ನು ಕಂಡರೆ ಅವಳಿಗೆ ಆಗದು, ಆದರೂ ಪತ್ರವ್ಯವಹಾರವನ್ನೆಲ್ಲ ಅವಳೇ ಮಾಡಿದಳು.

ಮೂರು ವಾರ ಅಂಗಡಿಯಲ್ಲಿ ಹಾಸಿಗೆ ವ್ಯಾಪಾರ ಕುಂಟಿತು, ಜೀಪಿನ ಪರೀಕ್ಷೆ ನಡೆಯಿತು. ಇನ್ನೂರೈವತ್ತು ಫೋಟೋ ತರಿಸಿದರು. ಚಾಸಿಯ ನಂಬರು ಕಾಗದದ ನಂಬರಿಗೆ ಹೊಂದುತ್ತದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದರು. ಎಂಜಿನ್ನು ಅದೇ ಕಾಲದ್ದು, ಆದರೆ ಬೇರೆ ಜೀಪಿನದು. ಅದು ಪರವಾಗಿಲ್ಲ, ಸೈನ್ಯದಲ್ಲಿ ಎಂಜಿನ್ನುಗಳು ಬದಲಾಗುತ್ತಲೇ ಇರುತ್ತಿದ್ದವು ಎಂದು ಠಣ್ಣಪ್ಪ ಹೇಳಿದ. ಟಯರು ಹೊಸದು, ವೈರು ಹೊಸದು, ಬ್ರೇಕು ಹೊಸದು. ಅವೆಲ್ಲ ಹೊಸದಾಗಿದ್ದರೇ ಒಳ್ಳೆಯದು, ಎಂಬತ್ತು ವರ್ಷದ ಬ್ರೇಕು ನಂಬಿ ಕೂತರೆ ನೇರ ಸ್ವರ್ಗಕ್ಕೇ ಎಂದ. ಜೀಪಿನ ಸೇವಾ ಪುಸ್ತಕವೂ ಬಂತು. ಟೀಚರು ಅದನ್ನು ಓದಿ ಮುಖ ಗಂಟಿಕ್ಕಿಕೊಂಡೇ ಹೇಳಿದಳು: ಯುದ್ಧ ಮುಗಿಯುವ ತನಕ ಈ ಜೀಪು ಒಂದು ಶಿಬಿರದಿಂದ ಇನ್ನೊಂದು ಶಿಬಿರಕ್ಕೆ ಒಗೆಯುವ ಬಟ್ಟೆ ಸಾಗಿಸುತ್ತಿತ್ತು. ಗುಂಡಿನ ಸದ್ದು ಕೇಳಿದ್ದಿಲ್ಲ, ಒಳಚಡ್ಡಿ ಹೊತ್ತದ್ದಷ್ಟೇ ಅದರ ಶೌರ್ಯ. ಕರ್ನಲ್ಲು ಎರಡು ದಿನ ಮಂಕಾಗಿ ಕೂತ. ಮೂರನೇ ದಿನ, ಚಡ್ಡಿ ಇಲ್ಲದೆ ಯಾವ ಸೈನಿಕ ಯುದ್ಧ ಮಾಡಿದಾನೆ ತೋರಿಸು ಎಂದು ಮಗಳಿಗೇ ಸವಾಲು ಹಾಕಿ ಮತ್ತೆ ಮೀಸೆ ತಿರುವಿದ.

ಉಳಿದದ್ದು ಒಂದೇ ಪ್ರಶ್ನೆ, ಅದೇ ದೊಡ್ಡದು. ಜೀಪಿನ ಮೈ ಆ ಕಾಲದ್ದೋ, ಇತ್ತೀಚೆಗೆ ಅದೇ ಅಚ್ಚಿನಲ್ಲಿ ಒತ್ತಿದ ಹೊಸ ತಗಡೋ? ಮೂಲ ಮೈ ಇದ್ದರೆ ಬೆಲೆ ಮೂರು ಪಟ್ಟು. ಬಣ್ಣ ಹೊಡೆದ ಮೇಲೆ ಕಣ್ಣಿಗೆ ಎರಡೂ ಒಂದೇ. ಅಯಸ್ಕಾಂತ ಇಟ್ಟರೆ ಎರಡಕ್ಕೂ ಅಂಟುತ್ತದೆ. ತನಗೆ ತಿಳಿದಂತೆ ಮೂಲ ಮೈಯೇ, ಆದರೆ ಹನ್ನೆರಡು ವರ್ಷದ ಹಿಂದೆ ಒಂದು ಕೊಟ್ಟಿಗೆಯಿಂದ ಕೊಂಡದ್ದು, ಅದಕ್ಕೆ ಮೊದಲು ಏನಾಗಿತ್ತೋ ಗೊತ್ತಿಲ್ಲ ಎಂದು ಮುದುಕಿ ಬರೆದಳು. ಕರ್ನಲ್ಲು ಎದೆ ಉಬ್ಬಿಸಿದ. ನಮ್ಮ ಭಾವನ ಕಿವಿ ಇರುವಾಗ ಚಿಂತೆ ಯಾಕೆ, ವಿಡಿಯೋದಲ್ಲಿ ಅವಳು ಬಡಿಯಲಿ, ಇಲ್ಲಿ ಭಾವ ಕೇಳಿ ಹೇಳುತ್ತಾನೆ ಎಂದ. ಮಾತು ಬಾಯಿಂದ ಬಿದ್ದದ್ದೇ ತಡ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಎಂದು ಮಗಳ ಕೈಲಿ ಮುದುಕಿಗೆ ಹೇಳಿಸಿಯೂ ಬಿಟ್ಟ.

ಠಣ್ಣಪ್ಪ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಸಾವಿರಾರು ಮೈಲಿ ಆಚೆಯ ತಗಡಿನ ಮೇಲೆ ಅಂಗೈ ಇಡುವುದು ಹೇಗೆ? ಮೈ ಸರಿಯಿಲ್ಲ ಎಂದು ಹೇಳೋಣವೆಂದರೆ ಕರ್ನಲ್ಲು ಮನೆಗೇ ಫೋನು ಹಿಡಿದು ಬರುವ ಗಿರಾಕಿ. ಮುದುಕಿ ಮೋಸಗಾತಿ ಎಂದು ಕತೆ ಕಟ್ಟೋಣವೆಂದರೆ ಅವಳು ತಾನಾಗಿ ಎಲ್ಲ ತಪ್ಪನ್ನೂ ಬರೆದು ತಿಳಿಸುತ್ತಿದ್ದಳು. ಶುಕ್ರವಾರದ ಹೊತ್ತಿಗೆ ಅವನು ಒಂದು ಉಪಾಯಕ್ಕೆ ಬಂದ. ಮುದುಕಿಯ ಮುಖ ಪ್ರಾಮಾಣಿಕವಾಗಿದೆ, ಅವಳ ಮಾತೇ ನಿಜ ಇರಬೇಕು. ಎಲ್ಲ ಕಡೆ ಠಣ್ ಎಂದುಬಿಡೋಣ, ನಂಬಿಕೆ ಬರಲಿ ಎಂದು ಎಲ್ಲಾದರೂ ಒಂದು ಕಡೆ ದಬ್ ಎನ್ನೋಣ. ನಾಲ್ಕು ವರ್ಷ ಆಡಿದ ನಾಟಕದಲ್ಲಿ ಅವನು ಸುಳ್ಳು ಕಿವಿ ತೋರಿಸಿದ್ದ, ಸುಳ್ಳು ತೀರ್ಪು ಕೊಟ್ಟಿರಲಿಲ್ಲ. ಈಗ ಅದಕ್ಕೂ ಇಳಿದ.

ಶನಿವಾರ ಅಂಗಡಿಯಲ್ಲಿ ಜಾತ್ರೆಯಷ್ಟು ಜನ. ಗೋಡೆಯ ದೊಡ್ಡ ಟಿವಿಗೆ ಫೋನು ಜೋಡಿಸಿದ್ದರು. ಕೆಲಸದವರು, ಅಕ್ಕಪಕ್ಕದ ಅಂಗಡಿಯವರು, ಹಾಸಿಗೆ ನೋಡಲು ಬಂದ ಒಂದು ಜೋಡಿ, ಎಲ್ಲರೂ ಮಾದರಿಗೆ ಹಾಸಿದ್ದ ಹಾಸಿಗೆಗಳ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಠಣ್ಣಪ್ಪನಿಗೆ ಎದುರುಗಡೆಯೇ ಕುರ್ಚಿ. ಹಿಂದುಗಡೆ ಮೆಷಿನ್ನಿನ ಹತ್ತಿರ ಅವನ ಹೆಂಡತಿ ತಲೆ ಎತ್ತದೆ ಹೊಲಿಯುತ್ತಿದ್ದಳು. ತಮ್ಮ ಕರೆದರೂ ಮುಂದೆ ಬರಲಿಲ್ಲ.

ಪರದೆಯ ಮೇಲೆ ಮುದುಕಿ ಕೈ ಬೀಸಿದಳು. ಟೀಚರು ಎರಡು ಮಾತಾಡಿದಳು, ಮುದುಕಿ ನಕ್ಕಳು. ಅವಳ ಹಿಂದೆ ಜೀಪು ಹಸಿರಾಗಿ ಹೊಳೆಯುತ್ತಿತ್ತು. ಕರ್ನಲ್ಲು ಎದ್ದು ನಿಂತು ಜೀಪಿಗೆ ಸಲಾಮು ಹೊಡೆದ. ಮುದುಕಿ ಸ್ಪ್ಯಾನರಿನ ಹಿಡಿಯಿಂದ ಎಡಮಗ್ಗುಲನ್ನು ಬಡಿದಳು. ಒಂದು, ಎರಡು, ಮೂರು. ಠಣ್ಣಪ್ಪ ಕಣ್ಣು ಮುಚ್ಚಿದ, ತಲೆ ವಾಲಿಸಿದ, ತುಟಿ ಚೂಪು ಮಾಡಿ ಸ್ವಲ್ಪ ಹೊತ್ತು ಬಿಟ್ಟ.

"ಠಣ್," ಎಂದ. "ಹಳೇ ತಗಡು. ಬಂಗಾರ."

ಕಣ್ಣು ತೆರೆದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೆಲಸದವನೊಬ್ಬ ಬಾಯಿ ಬಿಟ್ಟುಕೊಂಡಿದ್ದ. ಮೆಚ್ಚಿದರು ಎಂದುಕೊಂಡು ಠಣ್ಣಪ್ಪ ಮುಂದಕ್ಕೆ ಎಂದು ಕೈಸನ್ನೆ ಮಾಡಿದ. ಮುದುಕಿ ಬಲಮಗ್ಗುಲು ಬಡಿದಳು. ಅದೂ ಠಣ್. ಹಿಂಬದಿ ಬಡಿದಳು. "ಇಲ್ಲಿ ಮೂಲೆಯಲ್ಲಿ ಒಂಚೂರು ದಬ್ ಇದೆ, ಆದ್ರೆ ತೊಂದ್ರೆ ಇಲ್ಲ" ಎಂದ. ಕರ್ನಲ್ಲು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆಯತೊಡಗಿದ. ಜನರೂ ಹೊಡೆದರು. ಹಾಸಿಗೆ ನೋಡಲು ಬಂದ ಜೋಡಿಯೂ ಹೊಡೆಯಿತು.

ಚಪ್ಪಾಳೆ ಹೊಡೆಯದೆ ಇದ್ದವಳು ಟೀಚರು ಒಬ್ಬಳೇ. ಅವಳು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಠಣ್ಣಪ್ಪನ ಕುರ್ಚಿಯ ಎದುರು ಬಂದು ಕುಕ್ಕರಗಾಲಿನಲ್ಲಿ ಕೂತಳು. ಪಾಠ ಹೇಳಿ ಹೇಳಿ ಅವಳ ತುಟಿಗೆ ಒಂದೊಂದು ಅಕ್ಷರವನ್ನೂ ಬಿಡಿಸಿ ಆಡುವ ಅಭ್ಯಾಸ. ಊರಿನಲ್ಲಿ ಅವನು ಪೂರ್ತಿ ಓದಬಲ್ಲ ತುಟಿ ಅದೊಂದೇ.

"ಮಾವ, ಸದ್ದೇ ಬರ್ತಿಲ್ಲ," ಎಂದಳು. "ಈ ಫೋನು ಮಾತನ್ನ ಮಾತ್ರ ಕಳಿಸುತ್ತೆ. ಬಡಿಯೋದು ಕುಟ್ಟೋದನ್ನ ಗಲಾಟೆ ಅಂತ ತಡೆದುಬಿಡುತ್ತೆ. ಇಲ್ಲಿ ಯಾರಿಗೂ ಏನೂ ಕೇಳಿಸಿಲ್ಲ."

ಠಣ್ಣಪ್ಪ ಇಂಗು ತಿಂದ ಮಂಗನ ಹಾಗೆ ಕೂತ. ಇಡೀ ಅಂಗಡಿಯಲ್ಲಿ ಸದ್ದು ಬರಲಿಲ್ಲವೆಂಬುದು ಗೊತ್ತಾಗದೆ ಇದ್ದವನು ತಾನೊಬ್ಬನೇ. ಕಿವಿ ಸರಿ ಇರುವ ಯಾವ ಪೆದ್ದನೂ ಈ ತಪ್ಪು ಮಾಡುತ್ತಿರಲಿಲ್ಲ.

ಆದರೆ ಕರ್ನಲ್ಲನ ತಲೆ ಓಡುವ ದಾರಿಯೇ ಬೇರೆ. ಅವನು ಕುರ್ಚಿಯ ಸುತ್ತ ಕುಣಿಯುತ್ತ, ನಮ್ಮ ಯಾರ ಕಿವಿಗೂ ಬೀಳದ್ದು ಭಾವನ ಕಿವಿಗೆ ಬಿತ್ತು, ಫೋನು ತಡೆದರೂ ಇವನ ಕಿವಿ ಬಿಡಲಿಲ್ಲ, ಇದನ್ನೇ ಸಿದ್ಧಿ ಅನ್ನುವುದು ಎಂದು ಜನರಿಗೆ ವಿವರಿಸುತ್ತಿದ್ದ. ಜನ ತಲೆದೂಗಿದರು. ಪಕ್ಕದ ಅಂಗಡಿಯವನೊಬ್ಬ ಬಂದು ಠಣ್ಣಪ್ಪನ ಕಾಲು ಮುಟ್ಟಿಯೇಬಿಟ್ಟ. ಕರ್ನಲ್ಲು ತನ್ನ ಇನ್ನೊಂದು ಮೊಬೈಲು ತೆಗೆದು ಬ್ಯಾಂಕಿನ ಪುಟ ತೆರೆದ. ಮೂರು ಪಟ್ಟು ಬೆಲೆಯ ಮುಂಗಡ ಈಗಲೇ ಹಾಕಿಬಿಡುತ್ತೇನೆ ಎಂದು ಹೇಳುತ್ತಿರುವುದು ಅವನ ಹೆಬ್ಬೆರಳನ್ನು ನೋಡಿದರೇ ತಿಳಿಯುತ್ತಿತ್ತು.

ಠಣ್ಣಪ್ಪ ಸುಮ್ಮನಿದ್ದಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವತ್ತಿನಿಂದ ಅವನು ಪವಾಡಪುರುಷ. ಗುಟ್ಟು ಉಳಿಯುತ್ತಿತ್ತು, ಹೆಸರು ನಾಲ್ಕು ಊರು ದಾಟುತ್ತಿತ್ತು. ಆದರೆ ಆ ಹೆಬ್ಬೆರಳು ಕೆಳಗಿಳಿದರೆ, ಈ ಚಪ್ಪಟೆಪಾದದ ಪುಣ್ಯಾತ್ಮ ಹಾಸಿಗೆ ಮಾರಿ ಮಾರಿ ಗಳಿಸಿದ್ದೆಲ್ಲ ಕೇಳದೆ ಇದ್ದ ಸದ್ದೊಂದಕ್ಕೆ ಹೋಗುತ್ತದೆ. ಪುಟ್ಟಿ ಮೆತ್ತಿ ಗಟ್ಟಿ ತಗಡೆಂದು ಮಾರಿದ ದಲ್ಲಾಳಿಗಳನ್ನು ಜೀವಮಾನವಿಡೀ ಬೈದವನು ಅವನು. ಅವರಿಗೂ ತನಗೂ ಏನು ವ್ಯತ್ಯಾಸ ಉಳಿಯಿತು ಎಂದು ಯೋಚಿಸಿದ. ಎದ್ದು ಹೋಗಿ ಕರ್ನಲ್ಲನ ಕೈಯಿಂದ ಮೊಬೈಲು ಕಿತ್ತುಕೊಂಡ.

"ಹಾಕ್ಬೇಡ," ಎಂದ. "ನಂಗೂ ಏನೂ ಕೇಳಿಸಿಲ್ಲ. ನಂಗೆ ಕಿವಿ ಕೇಳಿಸೋದೇ ಇಲ್ಲ. ನಾಲ್ಕು ವರ್ಷ ಆಯ್ತು."

ತನ್ನ ದನಿ ಎಷ್ಟು ದೊಡ್ಡದಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಬೀದಿಯ ಆಚೆ ಬದಿಗೂ ಕೇಳಿಸಿತು ಎಂದು ಆಮೇಲೆ ಜನ ಹೇಳಿದರು. ಹಿಂದುಗಡೆ ಹೊಲಿಗೆ ಮೆಷಿನ್ನು ನಿಂತಿತು. ಅದೂ ಅವನಿಗೆ ಗೊತ್ತಾಗಲಿಲ್ಲ.

ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಸುರಿಯಿತು. ಲಾರಿ ತೋಳು ಸವರಿದ್ದು, ಅಂಗೈ ಇಡುವ ಉಪಾಯ, ಎಲ್ಲ ಹೇಳಿದ. ಕಾಲು ಮುಟ್ಟಿದವನು ಪೆಚ್ಚಾಗಿ ತನ್ನ ಕೈ ಒರೆಸಿಕೊಂಡ. ಕರ್ನಲ್ಲು ಮಾದರಿ ಹಾಸಿಗೆಯ ಮೇಲೆ ದೊಪ್ಪನೆ ಕೂತು, ನನ್ನ ಸ್ಕೂಟರು ಕೊಂಡಾಗಲೂ ಕಿವಿ ಇರಲಿಲ್ಲವೇ ಎಂದು ಕೇಳಿದ. ಟೀಚರು ಅದನ್ನು ತುಟಿಯಲ್ಲಿ ತಿರುಗಿ ಹೇಳಿದಳು. ಇರಲಿಲ್ಲ, ಆದರೆ ಸ್ಕೂಟರು ಚೆನ್ನಾಗಿಯೇ ಇದೆಯಲ್ಲ ಎಂದು ಠಣ್ಣಪ್ಪ ಕೇಳಿದ.

ಪರದೆಯ ಮೇಲೆ ಮುದುಕಿ ಇವರ ಗಲಾಟೆ ನೋಡುತ್ತ ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಏನಾಯಿತೆಂದು ಟೀಚರು ತಿಳಿಸಿದಾಗ ಅವಳು ನಗಲಿಲ್ಲ. ತನ್ನ ಎರಡೂ ಕೈ ಮೇಲೆತ್ತಿ ತೋರಿಸಿ ಏನೋ ಹೇಳಿದಳು. ಅಂಗೈ ಬೇಕಿದ್ದರೆ ನನ್ನದಿದೆ, ಎಲ್ಲಿ ಇಡಬೇಕೋ ಹೇಳಿ ಎಂದಳಂತೆ.

ಇಷ್ಟು ಸುಲಭದ ದಾರಿ ಮೂರು ದಿನದಿಂದ ಕಣ್ಣ ಮುಂದೇ ಇತ್ತು. ಅಂಗೈ ಇಡು ಎಂದು ಕೇಳಿದರೆ ಕಿವಿಯ ಗುಟ್ಟು ಬಯಲಾದೀತೆಂದು ಅವನು ಆ ಕಡೆ ನೋಡಿಯೇ ಇರಲಿಲ್ಲ. ಈಗ ಮುಚ್ಚಿಡಲು ಏನೂ ಉಳಿದಿಲ್ಲವಾಗಿ ಕುರ್ಚಿಯನ್ನು ಟಿವಿಯ ಮುಂದಕ್ಕೆ ಎಳೆದುಕೊಂಡು ಕೂತ. ಮೊದಲು ಬಾನೆಟ್ಟು ಬಡಿಯಲು ಹೇಳಿದ. ಅದರ ಮೇಲೆ ಆ ಕಾಲದ ಮುದ್ರೆ ಇತ್ತು, ಹಳೆಯದು ಎಂಬುದರಲ್ಲಿ ಅನುಮಾನವಿಲ್ಲ. ಒಂದು ಅಂಗೈ ಒಳಗೆ ಇಟ್ಟು ಹೊರಗಿನಿಂದ ಬಡಿದು, ನಡುಕ ಎಷ್ಟು ಹೊತ್ತು ಉಳಿಯುತ್ತದೆ ನೆನಪಿಟ್ಟುಕೊಳ್ಳಲಿ ಎಂದ. ಆಮೇಲೆ ಮುದುಕಿ ಹೋದ ವರ್ಷ ಕೊಂಡು ಮೂಲೆಯಲ್ಲಿಟ್ಟಿದ್ದ ಹೊಸ ಮಡ್‌ಗಾರ್ಡನ್ನು ಹಾಗೆಯೇ ಬಡಿಸಿದ. ಎರಡಕ್ಕೂ ವ್ಯತ್ಯಾಸ ಕೈಗೆ ಸಿಕ್ಕಿತೇ ಎಂದು ಕೇಳಿದ. ಮುದುಕಿ ಮತ್ತೆ ಮತ್ತೆ ಬಡಿದು ನೋಡಿದಳು. ಅವಳ ಮುಖ ಅರಳಿತು. ಸಿಕ್ಕಿತಂತೆ ಮಾವ ಎಂದಳು ಟೀಚರು.

ಆಮೇಲೆ ಗಾಡಿಯ ಸುತ್ತ ಗೇಣು ಗೇಣಿಗೆ ಪರೀಕ್ಷೆ ನಡೆಯಿತು. ಮುದುಕಿ ಬಡಿದು ಹೇಳುವುದು, ಟೀಚರು ಅದನ್ನು ಅವನ ಮುಖಕ್ಕೆ ಹೇಳುವುದು, ಅವನು ಇನ್ನೂ ಕೆಳಗೆ, ಇನ್ನೂ ಹಿಂದಕ್ಕೆ ಎನ್ನುವುದು. ಎಡಮಗ್ಗುಲು ಬಾನೆಟ್ಟಿನಂತೆ, ಹಿಂಬದಿಯೂ ಬಾನೆಟ್ಟಿನಂತೆ. ಮುದುಕಿ ಬಲಮಗ್ಗುಲು ಬಡಿದಳು. ಮತ್ತೊಮ್ಮೆ ಬಡಿದಳು. ಜೀಪಿನ ಕೆಳಗೆ ತೂರಿ, ಒಳಗಿನ ಬಣ್ಣ ಕೆರೆದು, ಟಾರ್ಚು ಹಿಡಿದು ನೋಡಿ ಹೊರಬಂದು ಉದ್ದಕ್ಕೆ ಏನೋ ಹೇಳಿದಳು. ಅದರಲ್ಲಿ ಮೊದಲರ್ಧವನ್ನು ಅನುವಾದ ಮಾಡಲು ಟೀಚರು ಒಪ್ಪಲಿಲ್ಲ. ಉಳಿದರ್ಧ, ಬಲಮಗ್ಗುಲು ಪೂರ್ತಿ ಹೊಸ ತಗಡು, ಸಂದಿನಲ್ಲಿ ಬೆಸುಗೆ ಕಾಣಿಸುತ್ತಿದೆ, ಹನ್ನೆರಡು ವರ್ಷ ನನಗೇ ತಿಳಿದಿರಲಿಲ್ಲ ಎಂದು. ಬೆಲೆಯನ್ನು ಅವಳೇ ಅರ್ಧಕ್ಕೆ ಇಳಿಸಿದಳು. ಕರ್ನಲ್ಲು ಭಾವನ ಮುಖ ನೋಡಿದ. ತಗೋ ಎಂದು ಠಣ್ಣಪ್ಪ ಮೊಬೈಲನ್ನು ಅವನ ಕೈಗೆ ವಾಪಸ್ಸು ಕೊಟ್ಟ. ಬಟ್ಟೆ ಸಾಗಿಸಿದ ಜೀಪು ಹೀಗೆ ಹಾಸಿಗೆ ಅಂಗಡಿಯದಾಯಿತು.

ಕೆಲಸ ಮುಗಿದ ಮೇಲೆಯೇ ಅವನು ಹಿಂದಕ್ಕೆ ತಿರುಗಿದ್ದು. ಮೆಷಿನ್ನಿನ ಹತ್ತಿರ ಹೆಂಡತಿ ಇರಲಿಲ್ಲ. ಅರ್ಧ ಹೊಲಿದ ದಿಂಬಿನ ಚೀಲ ಸೂಜಿಯಲ್ಲೇ ಸಿಕ್ಕಿಕೊಂಡಿತ್ತು. ಟೀಚರು ಗೋದಾಮಿನ ಕಡೆ ಬೆರಳು ತೋರಿಸಿದಳು.

ಗೋದಾಮಿನಲ್ಲಿ ಸೂರಿನ ತನಕ ಹಾಸಿಗೆಗಳು. ಅವುಗಳ ನಡುವೆ ಕೂಗಿದರೂ ಹೊರಗೆ ಕೇಳಿಸದು. ಹೆಂಡತಿ ಕೊನೆಯ ಸಾಲಿನ ಹತ್ತಿರ ಒಂದು ಸುರುಳಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಬೈಗುಳ ಬೀಳುತ್ತದೆ ಎಂದು ಠಣ್ಣಪ್ಪ ಸಿದ್ಧನಾಗಿ ಬಂದಿದ್ದ. ಅವಳು ತುಟಿ ಅಲ್ಲಾಡಿಸಿದಳು. ಅವನು ಕೇಳಿಸಲಿಲ್ಲ ಎಂದ. ನಾಲ್ಕು ವರ್ಷದಲ್ಲಿ ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಎದ್ದು ಬಂದು ಅವನ ಕಿವಿಗೇ ಬಾಯಿಟ್ಟು ಕೂಗಿದಳು. ಅಷ್ಟು ಹತ್ತಿರದಿಂದ ಕೂಗಿದ್ದು ಮಾತ್ರ ಎಲ್ಲೋ ದೂರದಿಂದ ಬಂದಂತೆ ಅವನಿಗೆ ಮುಟ್ಟಿತು.

"ನಾನು ನಿಮ್ಗೆ ಬೇಡವಾದೆ ಅಂದ್ಕೊಂಡಿದ್ದೆ."

ಅವಳು ನಿಲ್ಲಿಸಲಿಲ್ಲ. "ಎರಡು ವರ್ಷದ ಹಿಂದೆ ಎದೆಯಲ್ಲಿ ಗಂಟಾಗಿತ್ತು. ಸೂಜಿ ಹಾಕಿ ತೆಗ್ದು ಪರೀಕ್ಷೆಗೆ ಕಳಿಸಿದಾರೆ ಅಂತ ನಿಮ್ಗೆ ಹೇಳ್ದೆ. ಪೇಪರ್ ಓದ್ತಾ ಇದ್ರಿ. ನೋಡೋಣ ಅಂದ್ರಿ. ಗಂಡನಿಗೇ ಬೇಡವಾದ ಸುದ್ದಿ ತಮ್ಮನಿಗೆ ಯಾಕೆ ಅಂತ ಅವನಿಗೂ ಹೇಳ್ಲಿಲ್ಲ. ಹನ್ನೊಂದು ದಿನ ಕಾದೆ."

"ಆಮೇಲೆ?"

"ಕೆಟ್ಟದ್ದಲ್ಲ ಅಂದ್ರು. ಹೋದೆ, ಕೊಯ್ದು ತೆಗೆದ್ರು, ಬಸ್ಸಲ್ಲಿ ಮನೆಗೆ ಬಂದು ಅಡುಗೆ ಮಾಡ್ದೆ. ಉಪ್ಪು ಕಮ್ಮಿ ಅಂದ್ರಿ."

ಠಣ್ಣಪ್ಪ ಹಾಸಿಗೆಯ ಸುರುಳಿಯ ಮೇಲೆ ಕೂತ. ಆ ದಿನ ಯಾವುದೆಂದು ನೆನಪು ಮಾಡಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ನೆನಪಾಗದ್ದಕ್ಕೇ ಅವನಿಗೆ ಅಳು ಬಂತು. ಅವಳು ಪಕ್ಕದಲ್ಲಿ ಕೂತಳು. ಅವನು ಇನ್ನೊಂದ್ಸಲ ಹೇಳು ಎಂದ. ಕೇಳಿಸಲಿಲ್ಲವೇ ಎಂದು ಅವಳು ಕೇಳಿದಳು. ಕೇಳಿಸಿತು, ಆದರೂ ಹೇಳು ಎಂದ.

ಅವಳು ಮೊದಲಿನಿಂದ ಹೇಳಿದಳು. ಈ ಸಲ ಅವನು ನಡುನಡುವೆ ಕೇಳುತ್ತ ಹೋದ. ಯಾವ ವಾರ, ಎಷ್ಟು ಹೊತ್ತು ಕಾಯಿಸಿದರು, ನೋವಾಯಿತೇ, ಎಷ್ಟು ಹೊಲಿಗೆ.

"ಒಳಗೆ ಹೋಗೋವಾಗ ಚೀಲ ಯಾರು ಹಿಡ್ಕೊಂಡ್ರು?"

"ಪಕ್ಕದಲ್ಲಿ ಕೂತಿದ್ದೋಳು ಯಾರೋ," ಎಂದಳು ಹೆಂಡತಿ. "ಹೆಸರು ಕೇಳ್ಲಿಲ್ಲ. ನಮ್ಮ ಯಜಮಾನ್ರು ಗಾಡಿ ನಿಲ್ಲಿಸೋಕೆ ಹೋಗಿದಾರೆ, ಈಗ ಬರ್ತಾರೆ ಅಂತ ಅವಳಿಗೆ ಹೇಳಿದ್ದೆ."